ಕುತ್ತಿಗೆಯವರೆಗೆ ಮಣ್ಣು

ಮಾರ್ಚ್ ೪, ಬುಧವಾರ

ಇವತ್ತು ಶೆಡ್ಡಿಗೆ ಒಬ್ಬ ಪುಣ್ಯಾತ್ಮ ಬಂದಿದ್ದ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು, ಮುಖದ ತುಂಬ ಬೆವರು. ಊರೂರು ತಿರುಗಿ ಜನರ ಜೀವನಮಟ್ಟ ಅಳೆಯುವುದು ಅವನ ಉದ್ಯೋಗವಂತೆ. ನಾನು ಎಂದಿನಂತೆ ಟೊಮೇಟೊ ಸಸಿಯ ತಲೆಯನ್ನು ಕಾಡುಬದನೆಯ ಕಾಲಿನ ಮೇಲೆ ಕೂರಿಸುತ್ತಿದ್ದೆ. ಓರೆಯಾಗಿ ಒಂದು ಕೊಯ್ತ, ಅದಕ್ಕೆ ಸರಿಯಾಗಿ ಹೊಂದುವಂತೆ ಇನ್ನೊಂದು ಕೊಯ್ತ, ಎರಡನ್ನೂ ಸೇರಿಸಿ ಒಂದು ಪುಟ್ಟ ಕ್ಲಿಪ್ಪು. ಉಸಿರು ಜೋರಾಗಿ ಬಿಟ್ಟರೂ ತಲೆ ಜಾರಿಬಿಡುತ್ತದೆ. ಅಂಥ ಹೊತ್ತಿನಲ್ಲಿ ಅವನು ಬಗ್ಗಿ, "ಮೇಡಂ, ಈ ಕಸಿ ಸಸಿಗಳಿಂದ ನಿಮ್ಮ ಬದುಕಲ್ಲಿ ಏನು ಬದಲಾವಣೆ ಆಯ್ತು?" ಎಂದ.

"ಕತ್ತು ನೋವು ಬಂತು," ಎಂದೆ.

ಶೆಡ್ಡಿನ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅವನೂ ನಕ್ಕ. ಆಮೇಲೆ ಟೀವಿ ಇದೆಯಾ, ಫ್ರಿಜ್ಜು ಇದೆಯಾ, ಗಾಡಿ ಇದೆಯಾ ಎಂದು ಕೇಳಿ, ಬೆರಳಲ್ಲಿ ಒತ್ತಿಕೊಂಡು ಹೊರಟುಹೋದ. ಆದರೆ ಅವನ ಮೊದಲ ಪ್ರಶ್ನೆ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಮನೆಯವರೆಗೂ ನನ್ನ ಜೊತೆಗೇ ಬಂತು. ಹೌದಲ್ಲ, ನಿಜಕ್ಕೂ ಏನು ಬದಲಾಯಿತು? ಟೀವಿ ಮೊದಲೂ ಇತ್ತು.

ಮೊದಲು ಇಲ್ಲಿನ ಮಣ್ಣಿಗೇ ಬಾಡುರೋಗ ಹತ್ತಿತ್ತು. ಸಂಜೆ ಹಸಿರಾಗಿ ನಿಂತಿದ್ದ ಟೊಮೇಟೊ ಗಿಡ ಮಾರನೇ ಮಧ್ಯಾಹ್ನ ಕತ್ತು ಚೆಲ್ಲುತ್ತಿತ್ತು. ಔಷಧಿ ಇಲ್ಲ, ಮಾತ್ರೆ ಇಲ್ಲ. ಅರ್ಧ ಬೀದಿ ವರ್ಷದ ಅರ್ಧ ಕಾಲ ಬಾಗಿಲಿಗೆ ಬೀಗ ಹಾಕಿ ದೂರದ ಇಟ್ಟಿಗೆ ಗೂಡುಗಳಿಗೆ ಹೋಗುತ್ತಿತ್ತು. ಕಾಡುಬದನೆಯ ಬೇರಿಗೆ ಆ ರೋಗ ತಾಗುವುದಿಲ್ಲ ಎಂದು ಕಂಡುಕೊಂಡು ಮೇಷ್ಟ್ರು ಈ ಕಸಿ ಶೆಡ್ಡು ಹಾಕಿದರು. ಅವರು ಹಿಂದೆ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು, ಈಗಲೂ ಎಲ್ಲರೂ ಮೇಷ್ಟ್ರು ಅಂತಲೇ ಕರೆಯುವುದು. ಅಲ್ಲಿಂದ ಗಿಡ ನಿಂತಿತು, ಗಿಡ ನಿಂತಿದ್ದಕ್ಕೆ ಜನ ನಿಂತರು. ಬೀಗ ಮಾರುವವನೊಬ್ಬನನ್ನು ಬಿಟ್ಟು ಊರಿನ ಎಲ್ಲರ ವ್ಯಾಪಾರವೂ ಏರಿದೆ.

ನಮ್ಮ ಮನೆಯವರದು ಇಸ್ತ್ರಿ ಅಂಗಡಿ. ಅವರನ್ನು ಕೇಳಿದೆ. "ಆಗ ಮದುವೆಗೆ, ಸಾವಿಗೆ ಮಾತ್ರ ಇಸ್ತ್ರಿಗೆ ಕೊಡ್ತಿದ್ರು ಕಣೇ. ಈಗ ಸೋಮವಾರಕ್ಕೂ ಇಸ್ತ್ರಿ ಬೇಕು," ಎಂದರು. ಆ ಟ್ಯಾಬಿನವನಿಗೆ ಇದನ್ನು ಹೇಳಬೇಕಿತ್ತು.

ಗಿರಾಕಿಯೊಬ್ಬರು ಅವರಿಗೆ ಕೊಟ್ಟ ಡೈರಿ ಇದು. ನಮ್ಮ ಜೊತೆಗಿರುವ ನನ್ನ ಅಮ್ಮನಿಗೆ ಓದಲು ಬರುವುದಿಲ್ಲ, ಮನೆಯವರಿಗೆ ಓದುವ ಚಟವಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯಬಹುದು.

ಮಾರ್ಚ್ ೭, ಶನಿವಾರ

ಅಮ್ಮ ಇವತ್ತು ಕೆಳಗಿನ ಹೊಲಗಳಲ್ಲಿ ನಾಟಿ ಮುಗಿಸಿ ಬಂದು, ಕಾಲು ತೊಳೆಯುತ್ತ, "ನಿಮ್ಮ ಕುಯ್ದ ಮಕ್ಕಳನ್ನೆಲ್ಲ ಮಲಗಿಸಿ ಬಂದೆ," ಎಂದಳು. ಕಸಿ ಸಸಿಗಳಿಗೆ ಅವಳಿಟ್ಟ ಹೆಸರು ಅದು. ಒಂದು ಗಿಡದ ತಲೆ ಕುಯ್ದು ಇನ್ನೊಂದರ ಮೇಲಿಡುವುದು ಅವಳ ಲೆಕ್ಕದಲ್ಲಿ ಪಾಪದ ಕೆಲಸ. ಇಷ್ಟು ವರ್ಷ ಅವುಗಳನ್ನು ಮುಟ್ಟಿರಲೇ ಇಲ್ಲ. ಕೋಸು, ಈರುಳ್ಳಿ, ಮೆಣಸಿನಕಾಯಿ ಅಂತ ಹೋಗುತ್ತಿದ್ದಳು. ಮೇಷ್ಟ್ರ ಕಡೆಯ ಆಳುಗಳೇ ಮೇಲಿನ ಹೊಲಗಳಲ್ಲಿ ಕಸಿ ಸಸಿ ನೆಡುತ್ತಿದ್ದರು. ಈ ಸಲ ಕೆಳಗಿನವರಿಗೂ ಸಸಿ ಬೇಕು, ಆಳು ಸಾಲದು. ಎಲ್ಲರೂ ಬಂದು ಅಮ್ಮನ ಮುಂದೆ ಕೈಕಟ್ಟಿ ನಿಂತರು.

ಅವಳದೊಂದು ಹೆಂಗಸರ ಗುಂಪು, ಅವಳೇ ಮುಂದಾಳು. ಅವಳ ನಾಟಿ ಅಂದರೆ ನಾಟಿ. ಸಸಿಯನ್ನು ಕುತ್ತಿಗೆಯವರೆಗೆ ಇಳಿಸಿ, ಹೆಬ್ಬೆರಳಿಂದ ಎರಡು ಕಡೆ ಮಣ್ಣು ಒತ್ತಿದಳೆಂದರೆ, ಎಲೆ ಹರಿಯಬೇಕೇ ಹೊರತು ಬೇರು ಕಿತ್ತುಬರದು. ಆಳವಾಗಿ ನೆಟ್ಟಷ್ಟೂ ಟೊಮೇಟೊ ಕಾಂಡದಿಂದಲೇ ಹೊಸ ಬೇರು ಬಿಡುತ್ತದೆ, ಗಿಡ ಗಟ್ಟಿ ಎನ್ನುವುದು ಅವಳು ತನ್ನ ತಾಯಿಯಿಂದ ಕಲಿತ ಪಾಠ. ಹೊಲದ ಯಜಮಾನರು ಅವಳ ಎದುರು ಬಾಯಿ ಬಿಡುವುದು ಟೀ ಬೇಕಾ ಎಂದು ಕೇಳಲು ಮಾತ್ರ.

ಆ ಟೀ ಕೂಡ ಗಟ್ಟಿ ಇರಬೇಕು. ಕೆಳಗಿನ ಹೊಲಗಳ ನಡುವೆ ಒಬ್ಬನ ತುಂಡು ಜಮೀನಿದೆ. ಹಿಂದೆ ಬಸ್ ಡ್ರೈವರು. ಯಾವ ಬಸ್ಸನ್ನೂ ಹೊತ್ತಿಗೆ ಸರಿಯಾಗಿ ಮುಟ್ಟಿಸದ ಕಾರಣ ನಿಧಾನಪ್ಪ ಎಂದೇ ಹೆಸರು. ಹೋದ ವರ್ಷ ಅವನು ಕೊಟ್ಟ ಟೀ ಪಾತ್ರೆ ತೊಳೆದ ನೀರಿನ ಹಾಗಿತ್ತಂತೆ. ಈ ಸಲ ಅಮ್ಮ ಅವನ ಹೊಲಕ್ಕೆ ಕಾಲಿಡಲಿಲ್ಲ. ಪಾಪ, ಒಬ್ಬನೇ ನೆಡುತ್ತಿದ್ದಾನೆ, ನೋಡಿದವರಿಗೆ ನಗುವೋ ನಗು.

ಮಾರ್ಚ್ ೧೯, ಗುರುವಾರ

ಕತ್ತು ನೋವಿಗೆ ಆಸ್ಪತ್ರೆಗೆ ಹೋಗಿದ್ದೆ. ಮೊದಲು ವಾರಕ್ಕೊಮ್ಮೆ ಬಂದು ಓಡಿಹೋಗುತ್ತಿದ್ದ ಡಾಕ್ಟರು ಈಗ ಇಲ್ಲೇ ಮನೆ ಮಾಡಿದ್ದಾರೆ. ಯಾಕೆ ಎಂದು ಕೇಳಿಯೇಬಿಟ್ಟೆ. ಕೇಳದಿದ್ದರೆ ನನಗೆ ಊಟ ಸೇರುವುದಿಲ್ಲ. "ಮಕ್ಕಳಿಗೆ ಇಲ್ಲಿ ಒಳ್ಳೇ ಶಾಲೆ ಬಂತಲ್ಲಮ್ಮ," ಎಂದರು. ಶಾಲೆ ಯಾಕೆ ಬಂತು? ಫೀಸು ಕಟ್ಟುವವರು ಬಂದದ್ದಕ್ಕೆ. ಅವರು ಯಾಕೆ ಬಂದರು? ಟೊಮೇಟೊ. ಹೀಗೆ ಯಾವ ದಾರ ಹಿಡಿದು ಎಳೆದರೂ ತುದಿಯಲ್ಲಿ ಒಂದು ಟೊಮೇಟೊ ನೇತಾಡುತ್ತಿದೆ. ಕಾಯುತ್ತ ಕೂತಿದ್ದ ಹುಡುಗಿಯೊಬ್ಬಳ ಹಲ್ಲಿಗೆ ತಂತಿ ಕಟ್ಟಿದ್ದರು. ಮನೆಗೆ ಬಂದು ಹೇಳಿದರೆ ಅಮ್ಮ, "ಹಲ್ಲು ನೆಟ್ಟಗಾಗೋಕೂ ಕೋಲು ಕೊಡ್ತಾರಾ, ಟೊಮೇಟೊ ಗಿಡಕ್ಕೆ ಕೊಟ್ಟ ಹಾಗೆ?" ಎಂದಳು. ಮನೆಯವರು ಉಣ್ಣುತ್ತಿದ್ದದ್ದು ನೆತ್ತಿಗೇರಿತು.

ತಮ್ಮನೂ ಈ ಸಲ ಕೆಳಗೆ ಹೊಲ ಗುತ್ತಿಗೆಗೆ ಹಿಡಿದಿದ್ದಾನೆ. ಸಸಿ ನನ್ನ ಮೇಜಿನವು, ನಾಟಿ ಅಮ್ಮನದು. ಮಗನ ಹೊಲ ಅಂತ ಒಂದು ಹೆಬ್ಬೆರಳು ಹೆಚ್ಚಾಗಿಯೇ ಒತ್ತಿದ್ದಾಳೆ. ತಮ್ಮನ ಹೆಂಡತಿಗೆ ನರ್ಸಿಂಗ್ ಕೋರ್ಸಿನಲ್ಲಿ ಸೀಟು ಸಿಕ್ಕಿದೆ. ಈ ಬೆಳೆ ಕೈಗೆ ಬಂದರೆ ಸೇರಿಕೊಳ್ಳುತ್ತಾಳೆ. "ಅತ್ತಿಗೆ, ಮೊದಲ ಇಂಜೆಕ್ಷನ್ ನಿಮಗೇ," ಎಂದು ಈಗಿನಿಂದಲೇ ಹೆದರಿಸುತ್ತಿದ್ದಾಳೆ.

ಏಪ್ರಿಲ್ ೯, ಗುರುವಾರ

ಮಧ್ಯಾಹ್ನ ತಮ್ಮ ಶೆಡ್ಡಿಗೆ ಬಂದು, ಬೇರು ಸಮೇತ ಕಿತ್ತ ಒಂದು ಗಿಡವನ್ನು ನನ್ನ ಮೇಜಿನ ಮೇಲೆ ಇಟ್ಟ. ಕಾಯಿ ಕಚ್ಚಿದ್ದ ಗಿಡ. ಎಲೆ ಹಸಿರೇ ಇದೆ, ಆದರೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದೆ.

"ಅಕ್ಕಾ, ಇದು ನಿನ್ನ ಮೇಜಿಂದು ತಾನೇ?"

ಮೇಷ್ಟ್ರು ಬಂದು ಕಾಂಡದ ತುಂಡೊಂದನ್ನು ಕತ್ತರಿಸಿ ನೀರಿನ ಲೋಟದಲ್ಲಿ ಇಳಿಬಿಟ್ಟರು. ಸ್ವಲ್ಪ ಹೊತ್ತಿಗೆ ತುದಿಯಿಂದ ಹಾಲಿನಂಥ ಬಿಳಿ ಎಳೆಯೊಂದು ನೀರಿಗೆ ಇಳಿಯತೊಡಗಿತು. ಬಾಡುರೋಗವೇ, ಅನುಮಾನವಿಲ್ಲ. ಕಸಿ ಗಿಡಕ್ಕೆ ಬರಬಾರದ ರೋಗ.

"ಇಡೀ ಸಾಲಿಗೆ ಸಾಲೇ ಹೋಗ್ತಿದೆ," ಎಂದ ತಮ್ಮ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಗಿಡವನ್ನು ಅಲ್ಲೇ ಬಿಟ್ಟು ಹೋದ.

ನನ್ನ ಕೈ ತಪ್ಪಿತೇ? ಬೇರೆ ಬದನೆ ಬೆರೆತುಹೋಯಿತೇ? ಒಂದೂ ತಿಳಿಯುತ್ತಿಲ್ಲ.

ಏಪ್ರಿಲ್ ೧೧, ಶನಿವಾರ

ಕೆಳಗಿನ ಹೊಲಗಳಿಂದ ದಿನಾ ಸುದ್ದಿ. ಇವತ್ತು ಇಬ್ಬರು ಯಜಮಾನರು ಬಂದು ಮೇಷ್ಟ್ರಿಗೆ ಮುಖದ ಮೇಲೇ, "ಕಾಡುಬದನೆ ಅಂತ ಹೇಳಿ ಯಾವ ಬದನೆ ಕಟ್ಟಿದ್ರಿ? ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ," ಎಂದು ಕೂಗಾಡಿದರು. ಮುಂದಿನ ಹಂಗಾಮಿಗೆ ಹೇಳಿದ್ದ ಸಸಿ ಬೇಡವಂತೆ. ಅವರು ಹೋದ ಮೇಲೆ ಮೇಷ್ಟ್ರು ಕನ್ನಡಕ ತೆಗೆದು, "ಹೀಗೇ ಆದರೆ ಶೆಡ್ಡು ಮುಚ್ಚಬೇಕಾಗುತ್ತೆ," ಎಂದರು. ಯಾರೂ ಮೇಜಿನಿಂದ ತಲೆ ಎತ್ತಲಿಲ್ಲ. ನಮ್ಮಲ್ಲಿ ಕೆಲವರು ಇಟ್ಟಿಗೆ ಗೂಡಿನಿಂದಲೇ ಇಲ್ಲಿಗೆ ಬಂದವರು.

ಒಂದು ವಿಚಿತ್ರ ಗಮನಿಸಿದೆ. ಬೆಳೆ ಇನ್ನೂ ಪೂರ್ತಿ ಹೋಗಿಲ್ಲ, ಬರೀ ಸುದ್ದಿಗೇ ಊರು ಮುದುಡುತ್ತಿದೆ. ಮನೆಯವರ ಅಂಗಡಿಗೆ ಬಟ್ಟೆ ಅರ್ಧಕ್ಕೆ ಇಳಿದಿದೆ. ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ ಆ ಹುಡುಗಿಯ ಅಮ್ಮ ಹಲ್ಲಿನ ಡಾಕ್ಟರ ಹತ್ತಿರ ಮುಂದಿನ ತಿಂಗಳು ಬರುತ್ತೇವೆ ಎಂದಿದ್ದಾಳಂತೆ. ಟ್ಯೂಷನ್ನು ಬಿಡಿಸಿದವರಿದ್ದಾರೆ. ಅನುಕೂಲ ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತದೆಯೇ, ಕೊನೆಯಲ್ಲಿ ಬಂದದ್ದು ಮೊದಲು? ಹಾಗಾದರೆ ಡಾಕ್ಟರ ಸರದಿ ಯಾವಾಗ? ಇಂಥ ಹೊತ್ತಿನಲ್ಲೂ ಇದನ್ನೇ ಯೋಚಿಸುತ್ತಿದ್ದೇನಲ್ಲ, ನನ್ನ ಬುದ್ಧಿಗಿಷ್ಟು.

ಅಮ್ಮ ಮಾತ್ರ, "ಕುಯ್ದ ಮಕ್ಕಳು ಬದುಕ್ತಾವಾ? ನಾನು ಹೇಳಿರಲಿಲ್ವಾ?" ಎಂದು ನೂರು ಸಲ ಹೇಳಿದಳು. ನೂರ ಒಂದನೇ ಸಲಕ್ಕೆ ನಾನು ಎದ್ದು ಒಳಗೆ ಹೋದೆ. ಈ ಮುದುಕಿಯ ಜೊತೆ ಬಾಳುವುದು ನನ್ನ ಕರ್ಮ.

ಏಪ್ರಿಲ್ ೧೨, ಭಾನುವಾರ

ತಡೆಯಲಾಗಲಿಲ್ಲ. ಬೆಳಿಗ್ಗೆಯೇ ಹೊಲಗಳ ಕಡೆ ಹೋದೆ. ನಾಚಿಕೆಗೇಡು ಅಂದರೆ, ಇಷ್ಟು ವರ್ಷ ಸಸಿ ಕಟ್ಟಿದ್ದೇನೆ, ಅವು ಶೆಡ್ಡಿನ ಬಾಗಿಲು ದಾಟಿದ ಮೇಲೆ ಏನಾಗುತ್ತವೆ ಎಂದು ಒಂದು ದಿನವೂ ಹೋಗಿ ನೋಡಿದವಳಲ್ಲ.

ಮೇಲಿನ ಹೊಲಗಳು ಸೊಂಪಾಗಿವೆ. ಅದೇ ಶೆಡ್ಡು, ಅದೇ ವಾರದ ಸಸಿ. ಕೆಳಗಿನವು ಒಂದರ ಹಿಂದೊಂದು ಬಾಡುತ್ತಿವೆ. ಮಣ್ಣಿನ ದೋಷವೇ ಅಂದುಕೊಂಡೆ. ಆದರೆ ಆ ಬಾಡಿದ ಹೊಲಗಳ ನಟ್ಟನಡುವೆ ಒಂದು ತುಂಡು ಕಡುಹಸಿರಾಗಿ ನಿಂತಿದೆ. ನಿಧಾನಪ್ಪನದು! ಸಾಲುಗಳು ಕುಡಿದವನು ನಡೆದ ಹಾಗೆ ಸೊಟ್ಟ, ಗಿಡಗಳು ಒಂದೊಂದು ಕಡೆ ವಾಲಿವೆ, ಕಾಯಿ ಮಾತ್ರ ಗೊಂಚಲು ಗೊಂಚಲು. ಅವನು ನೆರಳಲ್ಲಿ ಮಲಗಿದ್ದ.

"ಏನ್ ಮಾಡಿದ್ರಿ ಇದಕ್ಕೆ?" ಎಂದೆ.

"ಏನೂ ಮಾಡಿಲ್ಲ ತಾಯಿ," ಎಂದ, ಏಳದೆ.

"ಏನೂ ಮಾಡದೆ ಹೀಗೆ ಬರುತ್ತಾ?"

"ನಾನು ಏನೇ ಮಾಡಿದ್ರೂ ಏನೂ ಮಾಡದ ಹಾಗೇ ಇರುತ್ತೆ. ನನ್ನ ಹೆಂಡತಿನ ಕೇಳಿ."

ಅಪ್ಪಣೆ ಕೇಳಿ ಒಂದು ಗಿಡ ಕಿತ್ತೆ. ಸಲೀಸಾಗಿ ಬಂತು. ಸೋಮಾರಿ, ಗುಂಡಿಯನ್ನೇ ಸರಿಯಾಗಿ ತೋಡಿಲ್ಲ. ನಾನು ಕಸಿ ಕಟ್ಟಿದ ಗಂಟು ನೆಲದ ಮೇಲೆಯೇ ಇದೆ. ಅಲ್ಲಿಂದ ತಮ್ಮನ ಹೊಲಕ್ಕೆ ಹೋಗಿ ಇನ್ನೊಂದು ಕಿತ್ತೆ. ಬರಲೇ ಇಲ್ಲ, ಕೈಯಿಂದ ಬಗೆದು ತೆಗೆಯಬೇಕಾಯಿತು. ಗಂಟು ಮಣ್ಣಿನೊಳಗೆ ಎಲ್ಲೋ ಇತ್ತು. ಅದರ ಮೇಲೆ, ಟೊಮೇಟೊ ಭಾಗದಿಂದ, ಬಿಳಿಯ ಹೊಸ ಬೇರುಗಳು ಗಡ್ಡದ ಹಾಗೆ ಮಣ್ಣಿಗಿಳಿದಿದ್ದವು. ಕೆಳಗೆ ಕಾಡುಬದನೆಯ ಬೇರು ಗಟ್ಟಿಮುಟ್ಟಾಗಿ ಕೂತಿದೆ, ಅದಕ್ಕೇನೂ ಆಗಿಲ್ಲ. ರೋಗ ಕಾವಲುಗಾರನ ತಲೆಯ ಮೇಲಿಂದ ಹಾರಿ ಮೇಲಿನ ಬೇರಿನಿಂದಲೇ ಒಳಗೆ ನುಗ್ಗಿದೆ.

ನನ್ನ ಕೈ ತಪ್ಪಿಲ್ಲ. ಅಬ್ಬಾ ಎಂದುಕೊಂಡೆ. ಆ ಸಮಾಧಾನ ಬದು ದಾಟುವಷ್ಟು ದೂರವೂ ಬರಲಿಲ್ಲ. ಕುತ್ತಿಗೆಯವರೆಗೆ ಮಣ್ಣು ಕೊಟ್ಟವರು ಯಾರು?

ಏಪ್ರಿಲ್ ೧೩, ಸೋಮವಾರ

ಎರಡೂ ಗಿಡ ಮೇಷ್ಟ್ರ ಮುಂದಿಟ್ಟೆ. ಅವರು ಹಣೆ ಚಚ್ಚಿಕೊಂಡರು. "ಗಂಟು ಮಣ್ಣು ಮುಟ್ಟಬಾರದು ಅಂತ ಸಸಿ ಕೊಡೋಕೆ ಮುಂಚೆ ಮೀಟಿಂಗಲ್ಲಿ ಹೇಳಿದ್ದೆನಲ್ಲ! ಕೆಳಗಿನ ಯಜಮಾನರೆಲ್ಲ ಇದ್ದರು. ಎಲ್ಲರೂ ತಲೆ ಅಲ್ಲಾಡಿಸಿದರು."

"ನೆಡುವವರನ್ನ ಕರೆದಿದ್ರಾ?"

"ಇಲ್ಲ," ಎಂದರು ಮೇಷ್ಟ್ರು. ಕುರ್ಚಿ ಹಾಕಿಸಿ, ಟೀ ಕೊಟ್ಟು, ಚಾರ್ಟು ತೋರಿಸಿ ಹೇಳಿದ್ದು ಒಂದು ದಿನವೂ ಸಸಿ ನೆಡದವರಿಗೆ. ನೆಡುವ ಕೈಗಳು ಆಗ ಇನ್ನೊಂದು ಹೊಲದಲ್ಲಿ ಕೋಸು ನೆಡುತ್ತಿದ್ದವು.

ಅಲ್ಲಿಂದ ತಮ್ಮನ ಮನೆಗೆ ಹೋಗಿ, "ನೀನೂ ಇದ್ದೆಯಲ್ಲ ಆ ಮೀಟಿಂಗಲ್ಲಿ. ಅಮ್ಮನಿಗೆ ಹೇಳಿದ್ಯಾ?" ಎಂದೆ.

"ಅಮ್ಮನಿಗೆ ನಾಟಿ ಹೇಳಿಕೊಡೋಕೆ ನನಗೇನು ತಲೆ ಕೆಟ್ಟಿದ್ಯಾ?" ಎಂದ. ಆಮೇಲೆ ದನಿ ತಗ್ಗಿಸಿ, "ಬೇರೆಯವರು ಹೇಳ್ತಾರೆ ಅಂದ್ಕೊಂಡೆ," ಎಂದ. ಬೇರೆಯವರೂ ಹಾಗೆಯೇ ಅಂದುಕೊಂಡರು. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು?

ಇನ್ನೂ ನಿಂತಿರುವ ಗಿಡಗಳನ್ನು ಉಳಿಸಬಹುದು ಎಂದು ಮೇಷ್ಟ್ರು ಬೆಳಿಗ್ಗೆಯೇ ಹೇಳಿದ್ದರು. ಬುಡದ ಮಣ್ಣು ಬಿಡಿಸಿ, ಗಂಟು ಗಾಳಿಗೆ ಕಾಣುವಂತೆ ಮಾಡಿ, ಮೇಲಿನ ಬೇರುಗಳನ್ನು ಕತ್ತರಿಸಬೇಕು. ಆದರೆ ಬೇಗ ಆಗಬೇಕು, ಅಷ್ಟೂ ಹೊಲಕ್ಕೆ ಕೈ ಬೇಕು. ಅಷ್ಟು ಕೈ ಇರುವುದು ಅಮ್ಮನ ಗುಂಪಿನಲ್ಲಿ ಮಾತ್ರ. ಮೇಷ್ಟ್ರು, "ನಿಮ್ಮ ತಾಯಿ ತಾನೇ, ನೀವೇ ಹೇಳಿ," ಎಂದಿದ್ದರು. ಹೂಂ ಎಂದು ಬಂದಿದ್ದೆ.

ಏಪ್ರಿಲ್ ೧೪, ಮಂಗಳವಾರ

ಹೇಳಲಿಲ್ಲ.

ಹೇಳಬೇಕೆಂದೇ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮನೆಯವರು ಬಂದು, ಬೀದಿ ನಲ್ಲಿಯ ಹತ್ತಿರ ಅಮ್ಮ ಜಗಳವಾಡಿದ ಕಥೆ ಹೇಳಿದರು. ಯಾರೋ ಒಬ್ಬಳು, ಕಸಿ ಕಟ್ಟುವವರ ಕೈಯೇ ಸರಿ ಇಲ್ಲ ಎಂದಳಂತೆ. ಅಮ್ಮ ಕೊಡ ಕೆಳಗಿಟ್ಟು, "ನನ್ನ ಮಗಳ ಕೈ ಬಗ್ಗೆ ಮಾತಾಡಿದ್ರೆ ನಾಲಿಗೆ ಹುಷಾರ್!" ಎಂದು ಅವಳ ಏಳು ತಲೆಮಾರು ಜಾಲಾಡಿದಳಂತೆ.

ಮನೆಗೆ ಬಂದು ನನಗೆ ಹೇಳಿದ್ದು ಮಾತ್ರ, "ನಿಮ್ಮ ಕುಯ್ದ ಮಕ್ಕಳಿಂದ ನನಗೆ ಬೀದಿ ಜಗಳ," ಅಂತ.

ಈಗ ಹೇಗೆ ಹೇಳಲಿ?

ಏಪ್ರಿಲ್ ೧೫, ಬುಧವಾರ

ಇನ್ನೊಂದು ಹೊಲ ಹೋಯಿತು. ನಾನು ಇವತ್ತೂ ಹೇಳಲಿಲ್ಲ. ನನ್ನ ಬಾಯಿಗೆ ಬೆಂಕಿ ಬೀಳ.

ಏಪ್ರಿಲ್ ೧೬, ಗುರುವಾರ

ಬೆಳಿಗ್ಗೆ ಎದ್ದವಳೇ, "ಅಮ್ಮ, ನನ್ನ ಜೊತೆ ತಮ್ಮನ ಹೊಲಕ್ಕೆ ಬಾ," ಎಂದೆ. ಯಾಕೆ ಎಂದಳು. ಬಾ ಅಂದರೆ ಬಾ ಎಂದೆ. ದಾರಿಯಲ್ಲಿ ನಿಧಾನಪ್ಪನ ಹೊಲದಿಂದ ಒಂದು ಗಿಡ ಕಿತ್ತು ಅವಳ ಕೈಗಿಟ್ಟೆ. ತಮ್ಮನ ಹೊಲದಲ್ಲಿ ಬಾಡಿದ್ದೊಂದನ್ನು ತೋರಿಸಿ, "ಇದನ್ನ ನೀನೇ ಕೀಳು," ಎಂದೆ.

ಅವಳು ಬಗೆದು ತೆಗೆದಳು. ಎರಡನ್ನೂ ಪಕ್ಕಪಕ್ಕ ಹಿಡಿದಳು. ಒಣಗಿದ ಗಾಯದ ಹಾಗಿದ್ದ ಕಸಿ ಗಂಟನ್ನು ಉಗುರಲ್ಲಿ ಮುಟ್ಟಿ ನೋಡಿದಳು, ಮೇಲಿನ ಬಿಳಿ ಬೇರು ಸವರಿದಳು, ಕೆಳಗಿನ ಬದನೆ ಬೇರನ್ನು ಮುರಿದು ಮೂಸಿದಳು. ನಾನು ಒಂದಕ್ಷರ ಹೇಳಬೇಕಾಗಲಿಲ್ಲ. ಅವಳ ಮುಖ ನೋಡುತ್ತಿದ್ದ ಹಾಗೇ ಸಣ್ಣದಾಯಿತು.

"ಇಲ್ಲಿ ಮಣ್ಣು ತಾಗಬಾರದಿತ್ತು," ಎಂದಳು.

"ಹೂಂ."

"ಯಾರ್ಯಾರಿಗೆ ಗೊತ್ತಿತ್ತು?"

"ಹೊಲದವರಿಗೆಲ್ಲ."

"ಯಾವಾಗಿಂದ?"

"ನಾಟಿಗೆ ಮುಂಚಿಂದ."

ಅಮ್ಮ ಬದುವಿನ ಮೇಲೆ ಕುಳಿತಳು. "ಅಷ್ಟು ಜನ, ನನ್ನ ಕಣ್ಣೆದುರೇ ನಿಂತಿದ್ರು. ನಾನು ಒಂದೊಂದನ್ನೂ ಹೂಳ್ತಾ ಹೋದೆ. ಒಬ್ಬರಾದ್ರೂ ಯಾಕೆ ಹೇಳಲಿಲ್ಲ?"

"ಹೆದರಿಕೆ ಅಮ್ಮ."

"ಏನ್ ಹೆದರಿಕೆ?"

"ನಿನ್ನ ಹೆದರಿಕೆ."

ಅವಳು ನನ್ನನ್ನೇ ನೋಡಿದಳು. "ಹೆದರಿಕೆನಾ?" ಎಂದಳು. "ನಾನು ಮರ್ಯಾದೆ ಅಂದ್ಕೊಂಡಿದ್ನಲ್ಲೇ."

ನನಗೆ ಅಳು ಬಂತು. ಅವಳು ಅಳಲಿಲ್ಲ. ಎದ್ದು, ಇನ್ನೂ ಬಾಡದೆ ನಿಂತಿದ್ದ ಗಿಡವೊಂದರ ಬುಡಕ್ಕೆ ಕೂತು, ತಾನೇ ಒತ್ತಿದ್ದ ಮಣ್ಣನ್ನು ತಾನೇ ಬಗೆಯತೊಡಗಿದಳು. ಗಂಟು ಕಂಡ ಮೇಲೆ, "ಈ ಮೇಲಿನ ಬೇರು ಏನ್ ಮಾಡೋದು?" ಎಂದು ಕೇಳಿದಳು. ಕತ್ತರಿಸಬೇಕು ಎಂದೆ. "ನಿನ್ನ ಬ್ಲೇಡು ಕೊಡು. ಮತ್ತೆ ನಿಂತ್ಕೊಂಡು ಏನ್ ನೋಡ್ತೀಯ, ಹೋಗಿ ಗುಂಪನ್ನ ಕರ್ಕೊಂಡು ಬಾ."

ಹೆಂಗಸರೆಲ್ಲ ಬಂದು ಸೇರಿದಾಗ ಆ ಎರಡು ಗಿಡ ಎತ್ತಿ ಹಿಡಿದು, "ನೋಡ್ರೇ, ಇದು ಸೋಮಾರಿ ನೆಟ್ಟಿದ್ದು, ಬದುಕಿದೆ. ಇದು ನಾನು ನೆಟ್ಟಿದ್ದು, ಸತ್ತಿದೆ. ನಾನು ಹೇಳಿದ ಹಾಗೆ ನೀವು ನೆಟ್ಟಿರಿ, ನಿಮ್ಮ ತಪ್ಪಲ್ಲ," ಎಂದಳು. ಅಷ್ಟೇ. ಎಲ್ಲರೂ ಒಂದೊಂದು ಸಾಲು ಹಿಡಿದು ಕೂತರು.

ಏಪ್ರಿಲ್ ೧೮, ಶನಿವಾರ

ಮೇಷ್ಟ್ರು ಶೆಡ್ಡಿಗೆ ರಜೆ ಕೊಟ್ಟು ನಮ್ಮನ್ನೂ ಕಳಿಸಿದ್ದಾರೆ. ನನ್ನ ಉಗುರಲ್ಲೆಲ್ಲ ಮಣ್ಣು, ಸೊಂಟ ನನ್ನದಲ್ಲ. ಇವತ್ತು ಒಬ್ಬ ಯಜಮಾನ ಬದುವಿನ ಮೇಲೆ ನಿಂತು, "ಹುಷಾರು, ಕಾಂಡಕ್ಕೆ ಏಟು ಬಿದ್ದೀತು," ಎಂದು ಉಪದೇಶ ಶುರುಮಾಡಿದ. ನನಗೆ ಎಲ್ಲಿತ್ತೋ ಸಿಟ್ಟು. "ಈಗ ಬಾಯಿ ಬಂತಾ? ಮೀಟಿಂಗಲ್ಲಿ ಕೋಲೆಬಸವನ ಹಾಗೆ ತಲೆ ಅಲ್ಲಾಡಿಸಿ ಬಂದವರು ನೀವೇ ತಾನೇ? ಇಳೀರಿ ಕೆಳಗೆ, ಒಂದು ಸಾಲು ಹಿಡೀರಿ," ಎಂದೆ. ಇಳಿದ! ಪಕ್ಕದಲ್ಲಿದ್ದ ಮೇಷ್ಟ್ರು, "ಥೇಟ್ ನಿಮ್ಮಮ್ಮನೇ," ಎಂದರು. ಏನು ಮಾತು ಅದು! ಎಲ್ಲಿ ಅವಳು, ಎಲ್ಲಿ ನಾನು.

ನಿಧಾನಪ್ಪ ಎಲ್ಲರಿಗೂ ಟೀ ತಂದ. ಅದೇ ಪಾತ್ರೆ ತೊಳೆದ ನೀರು. ಅಮ್ಮ ಪೂರ್ತಿ ಕುಡಿದು ಲೋಟ ವಾಪಸ್ಸು ಕೊಟ್ಟಳು, ಒಂದು ಮಾತೂ ಆಡಲಿಲ್ಲ. ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದೆ.

ಏಪ್ರಿಲ್ ೨೬, ಭಾನುವಾರ

ಹೊಸದಾಗಿ ಬಾಡುವುದು ನಿಂತಿದೆ. ತಮ್ಮನ ಹೊಲದಲ್ಲಿ ಅರ್ಧ ಉಳಿಯಿತು, ಇತರರದು ಅದಕ್ಕಿಂತ ಹೆಚ್ಚು. ತಮ್ಮನ ಹೆಂಡತಿ, "ಅರ್ಧ ಬೆಳೆಗೆ ಅರ್ಧ ನರ್ಸ್ ಆಗ್ತೀನಿ, ಉಳಿದರ್ಧ ಮುಂದಿನ ಬೆಳೆಗೆ," ಎಂದು ನಗಾಡಿದಳು. ಕಣ್ಣು ಮಾತ್ರ ಕೆಂಪಾಗಿತ್ತು. ಆದರೆ ತಮ್ಮ, ಬೇರೆ ಯಾವುದಾದರೂ ಬಿಡೋಣ, ಸೀಟು ಬಿಡುವುದು ಬೇಡ ಎಂದಿದ್ದಾನೆ. ಸಸಿ ಬೇಡ ಎಂದವರು ಒಬ್ಬೊಬ್ಬರೇ ಶೆಡ್ಡಿನ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಿದ್ದಾರೆ. ಮುಂದಿನ ಮೀಟಿಂಗಿಗೆ ಮೊದಲು ನೆಡುವವರನ್ನು ಕರೆಯುತ್ತೇನೆ, ಜಾಗ ಮಿಕ್ಕಿದರೆ ಯಜಮಾನರನ್ನು ಎಂದು ಮೇಷ್ಟ್ರು ಹೇಳಿದರು.

ಆದರೆ ಅಮ್ಮ ಹತ್ತು ದಿನದಿಂದ ಯಾರನ್ನೂ ಬೈದಿಲ್ಲ. ಬೈಗುಳವಿಲ್ಲದ ಮನೆ ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗಡಿಯಾರದ ಸದ್ದು ಕೇಳಿಸುತ್ತದೆ. ನನಗೇ ತಡೆಯದೆ, ಬೈಯಲಿ ಎಂದು ಬೇಕಂತಲೇ ನಿನ್ನೆ ಹಾಲು ಉಕ್ಕಿಸಿದೆ. ಒರೆಸಿದಳು, ಅಷ್ಟೇ.

ಇವತ್ತು ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದಾಗ, ತಟ್ಟೆ ನೋಡುತ್ತಲೇ ಕೇಳಿದಳು, "ನಿನಗೂ ಹೆದರಿಕೆನಾ?"

ಇಲ್ಲ ಎನ್ನುವುದು ಬಾಯಿಯ ತುದಿಗೆ ಬಂದಿತ್ತು. ಹಾಗೆ ಮುಚ್ಚಿಟ್ಟುಕೊಂಡು ತಾನೇ ಎಲ್ಲರೂ ಇಲ್ಲಿಗೆ ಬಂದು ನಿಂತದ್ದು. "ಹೌದು," ಎಂದೆ.

"ಹಾಗಾದ್ರೆ ನೀನೂ ಹೇಳದೆ ಇಟ್ಕೊಂಡಿರೋದು ಇನ್ನೂ ಇರುತ್ತೆ."

"ಇದೆ."

"ಹೇಳು. ನಾನು ಬೈಯಲ್ಲ."

ಎಲ್ಲಿಂದ ಶುರುಮಾಡುವುದು? ಸುಲಭದ್ದನ್ನೇ ಮೊದಲು ಹೇಳಿದೆ. "ನೀನು ಅಡುಗೆಗೆ ಉಪ್ಪು ಜಾಸ್ತಿ ಹಾಕ್ತೀಯ."

"ಯಾವತ್ತಿಂದ?"

"ನಾನು ಹುಟ್ಟಿದಾಗಿಂದ."

ಅಮ್ಮ ಅಳಿಯನ ಕಡೆ ತಿರುಗಿದಳು. ಅವರು ತಟ್ಟೆಯೊಳಗೆ ಮುಖ ಮುಚ್ಚಿಕೊಳ್ಳುವಷ್ಟು ಬಗ್ಗಿ, ಮೆಲ್ಲಗೆ ತಲೆ ಅಲ್ಲಾಡಿಸಿದರು. "ಅಯ್ಯೋ ನಿಮ್ಮ! ಇಷ್ಟು ವರ್ಷ ಇಬ್ಬರೂ ನೀರು ಕುಡ್ಕೊಂಡು ಉಂಡ್ರಾ?" ಎಂದು ಅಮ್ಮ ನಕ್ಕೇಬಿಟ್ಟಳು. ಎಷ್ಟೋ ದಿನಗಳ ಮೇಲೆ ಕೇಳಿದ ನಗು. ಕಣ್ಣೊರೆಸಿಕೊಂಡು, "ಸರಿ, ಮುಂದೆ?" ಎಂದಳು.

ಮುಂದಿನದು ಸುಲಭದ್ದಾಗಿರಲಿಲ್ಲ. "ನಾನು ಇಷ್ಟು ವರ್ಷದಿಂದ ಆ ಶೆಡ್ಡಲ್ಲಿ ಕೆಲಸ ಮಾಡ್ತೀನಿ. ಏನು ಮಾಡ್ತೀನಿ ಅಂತ ನೋಡೋಕೆ ಒಂದು ದಿನವೂ ನೀನು ಬರಲಿಲ್ಲ," ಎಂದೆ. ನನ್ನ ದನಿ ಚಿಕ್ಕ ಹುಡುಗಿಯ ದನಿಯ ಹಾಗೆ ಕೇಳಿಸಿ ನನಗೇ ನಾಚಿಕೆಯಾಯಿತು.

"ನೀನು ಕರೀಲಿಲ್ಲ."

"ಹೆದರಿಕೆ ಅಂದೆನಲ್ಲ."

ಅಮ್ಮ ತಟ್ಟೆಯಲ್ಲಿ ಬೆರಳಾಡಿಸಿದಳು. "ನನಗೂ ಅದೇ," ಎಂದಳು. "ಬಂದು ನೋಡಿ, ನಿನ್ನ ಕೈಕೆಲಸ ನನಗೆ ಅರ್ಥವಾಗದೇ ಹೋದ್ರೆ? ಮಗಳ ಮುಂದೆ ದಡ್ಡಿ ಆಗೋದಕ್ಕಿಂತ ಪಾಪದ ಕೆಲಸ ಅಂದುಬಿಡೋದೇ ಸುಲಭ ಅನ್ನಿಸ್ತು."

ಮನೆಯವರು ಮೆಲ್ಲನೆ ಎದ್ದು ಕೈ ತೊಳೆಯಲು ಹೋದರು. ನಾವಿಬ್ಬರೂ ಕೈ ಒಣಗುವವರೆಗೆ ಅಲ್ಲೇ ಕೂತಿದ್ದೆವು.

ನಾಳೆ ಅವಳನ್ನು ಶೆಡ್ಡಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಈಗಾಗಲೇ ಎರಡು ಸಲ ಕೇಳಿದಳು.